ರೇಡಾರಿಗೆ ಹಾಕಿದ ಹಾರ

ಎಲ್ಲ ಅನಾಹುತಕ್ಕೂ ಮೂಲ ಒಂದು ಹಾರ. ಹೂವಿನದ್ದೂ ಅಲ್ಲ. ಐರ್ಲೆಂಡಿನ ಲಿಮೆರಿಕ್ ಊರಿನ ಇಂಡಿಯನ್ ಅಂಗಡಿಯಲ್ಲಿ ಗಣೇಶನ ಹಬ್ಬಕ್ಕೆ ತರಿಸಿ ಮಾರಾಟವಾಗದೆ ಉಳಿದಿದ್ದ, ಬಂಗಾರದ ಬಣ್ಣದ ತಗಡಿನ ಎಳೆಗಳ ನಡುವೆ ಪ್ಲಾಸ್ಟಿಕ್ ಚೆಂಡುಹೂ ಪೋಣಿಸಿದ ಆಳುದ್ದದ ಹಾರ. ಆಯುಧಪೂಜೆಯ ಹಿಂದಿನ ದಿನವೇ ಉಲ್ಲಾಸನ ಅತ್ತೆ ದ್ರಾಕ್ಷಾಯಿಣಮ್ಮ ಅದನ್ನು ಕೊಂಡು ತಂದು ಊಟದ ಮೇಜಿನ ಮೇಲೆ ಹರಡಿಕೊಂಡು ಕೂತಿದ್ದರು.

"ಇದ್ಯಾಕತ್ತೆ ಇಷ್ಟುದ್ದ? ನಮ್ಮ ಕಾರು ಚಿಕ್ಕದು," ಎಂದ ಉಲ್ಲಾಸ್.

"ಕಾರಿಗಲ್ಲ. ನಾಳೆ ನಿಮ್ಮ ಆಫೀಸಿಗೆ ಮಿಲಿಟರಿಯವ್ರು ಬರ್ತಾರಂತಲ್ಲ, ರೇಡಾರ್ ನೋಡೋಕೆ. ಆಯುಧಪೂಜೆ ದಿನ ಮಿಲಿಟರಿ ಮೆಷಿನ್ನಿಗೆ ಒಂದು ಹಾರ ಬೇಡ್ವಾ? ನಮ್ಮ ಎಚ್‌ಎಎಲ್‌ನಲ್ಲಿ ಸ್ಕ್ರೂಡ್ರೈವರಿಗೂ ಕುಂಕುಮ ಹಚ್ತಿದ್ವಿ."

ದ್ರಾಕ್ಷಾಯಿಣಮ್ಮನವರ ಪ್ರತಿ ಮಾತೂ 'ನಮ್ಮ ಎಚ್‌ಎಎಲ್‌ನಲ್ಲಿ' ಎಂದೇ ಹೊರಡುತ್ತಿತ್ತು. ಕೇಳಿದವರಿಗೆ, ಬೆಂಗಳೂರಿನ ಆ ವಿಮಾನ ಕಾರ್ಖಾನೆಯಲ್ಲಿ ಇವರೇ ಒಂದೊಂದು ವಿಮಾನವನ್ನೂ ಹಿಂದಿನಿಂದ ನೂಕಿ ಆಕಾಶಕ್ಕೆ ಹತ್ತಿಸಿದ್ದಾರೆ ಅನ್ನಿಸಬೇಕು. ನಿಜವಾಗಿ ಅವರು ಸರ್ವಿಸ್ ಪೂರ್ತಿ ಕಳೆದದ್ದು ಅಲ್ಲಿನ ಕ್ಯಾಂಟೀನಿನಲ್ಲಿ. ಆದರೂ ಕಾಳಜಿ ಕಾಳಜಿಯೇ. ಮಗಳು ಅಳಿಯ ನೆಲೆಸಿರುವ ಐರ್ಲೆಂಡಿನ ಬಳಿ ಒಂದೇ ಒಂದು ಯುದ್ಧವಿಮಾನವೂ ಇಲ್ಲ ಎಂದು ತಿಳಿದ ದಿನ ಅವರಿಗೆ ಊಟ ಸೇರಿರಲಿಲ್ಲ. "ಹಳೇದೂ ಇಲ್ವಾ? ಸೆಕೆಂಡ್ ಹ್ಯಾಂಡೂ ಇಲ್ವಾ?" ಎಂದು ರಾತ್ರಿಯವರೆಗೂ ಕೇಳುತ್ತಲೇ ಇದ್ದರು.

ಉಲ್ಲಾಸನ ಸಂಕಟ ಬೇರೆ. ಅವನು ಕೆಲಸ ಮಾಡುವ ಪುಟ್ಟ ಕಂಪನಿ ಒಂದು ರೇಡಾರ್ ಕಟ್ಟಿತ್ತು. ತನ್ನ ಆಕಾಶದಲ್ಲಿ ಯಾರು ಓಡಾಡುತ್ತಾರೆಂದು ತಾನೇ ನೋಡಿಕೊಳ್ಳಬೇಕು ಎಂಬ ಆಸೆ ದೇಶಕ್ಕೆ ಹುಟ್ಟಿದ ಹೊತ್ತಿನಲ್ಲಿ, ಕಂಪನಿ ಇದ್ದಬದ್ದ ಕೆಲಸವನ್ನೆಲ್ಲ ಬಿಟ್ಟು ಇದಕ್ಕೇ ಜೋತುಬಿದ್ದಿತ್ತು. ನಾಳೆ ಬರುವವರು ಹೂಂ ಅಂದರೆ ಉಳಿವು. ಊಹೂಂ ಅಂದರೆ ಕ್ರಿಸ್‌ಮಸ್ಸಿಗೆ ಬಾಗಿಲು. ಬಾಗಿಲು ಮುಚ್ಚಿದರೆ ಅದಕ್ಕೆ ಅಂಟಿಕೊಂಡ ಅವನ ವರ್ಕ್ ಪರ್ಮಿಟ್ಟೂ ಹೋಗುತ್ತದೆ. ಅವನಿಗೆ ಒಂದು ವಾರದಿಂದ ಸರಿಯಾಗಿ ನಿದ್ದೆಯಿಲ್ಲ.

"ಅತ್ತೆ, ದಯವಿಟ್ಟು ಬೇಡ," ಎಂದ. "ರೇಡಾರ್ ಹತ್ರ ತಗಡು ಸುಳಿಯೋ ಹಂಗಿಲ್ಲ. ಯುದ್ಧದಲ್ಲಿ ರೇಡಾರಿನ ಕಣ್ಣು ಕಟ್ಟೋಕೆ ವಿಮಾನದಿಂದ ಇಂಥದೇ ತಗಡಿನ ಎಳೆ ಎರಚ್ತಾರೆ. ಸ್ಕ್ರೀನ್ ಮೇಲೆ ಎಲ್ಲೋ ದೂರದಲ್ಲಿ ವಿಮಾನ ಬಂದಂಗೇ ಕಾಣುತ್ತೆ."

"ಆಯ್ತಪ್ಪ," ಎಂದರು ದ್ರಾಕ್ಷಾಯಿಣಮ್ಮ.

ಅತ್ತೆಯರು ಹೇಳುವ 'ಆಯ್ತಪ್ಪ'ಕ್ಕೆ ಎಷ್ಟು ಬೆಲೆ ಎಂದು ಉಲ್ಲಾಸನಿಗೆ ಮದುವೆಯಾದ ಮೊದಲ ವರ್ಷವೇ ಗೊತ್ತಾಗಿತ್ತು.

ಬೆಳಿಗ್ಗೆ ಎದ್ದರೆ ಮನೆಯಲ್ಲಿ ಅತ್ತೆಯೂ ಇಲ್ಲ, ಹಾರವೂ ಇಲ್ಲ. ಹೆಂಡತಿ ನಿಸರ್ಗಾ ಆಸ್ಪತ್ರೆಯ ಡ್ಯೂಟಿಗೆ ಆಗಲೇ ಹೋಗಿದ್ದಳು. ಅತ್ತೆಗೆ ಫೋನ್ ಮಾಡಿದರೆ ದೇವರ ಮುಂದಿನಿಂದ ರಿಂಗಾಯಿತು. ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಈಳಿಗೆಮಣೆಗಳ ಪಕ್ಕದಲ್ಲಿ ಅವರ ಫೋನೂ ಹಣೆಗೆ ಅರಿಸಿನ ಕುಂಕುಮ ಇಟ್ಟುಕೊಂಡು ಮಲಗಿತ್ತು. ಪೂಜೆಗೆ ಇಟ್ಟ ವಸ್ತುವನ್ನು ಆ ದಿನ ಯಾರೂ ಮುಟ್ಟಬಾರದು ಎಂಬುದು ಅವರ ಕಟ್ಟುನಿಟ್ಟು.

ಉಲ್ಲಾಸ್ ತಿಂಡಿಯನ್ನೂ ತಿನ್ನದೆ ಕಾರು ಓಡಿಸಿದ. ಆಫೀಸಿನ ತುಂಬ ಹ್ಯಾಲೊವೀನ್ ಅಲಂಕಾರ. ಬಾಗಿಲಿಗೆ ಜೇಡರ ಬಲೆ, ಪ್ರಿಂಟರಿನ ಮೇಲೆ ಅಸ್ಥಿಪಂಜರ, ಕಂಡಲ್ಲೆಲ್ಲ ಕಿತ್ತಳೆ ಬಣ್ಣದ ತೋರಣ. ನೆರೆಮನೆಯವನೂ ಸಹೋದ್ಯೋಗಿಯೂ ಆದ ಹುಬ್ಬಳ್ಳಿಯ ಶಾಹಬಾಜ್ ಎದುರಾದ.

"ನಮ್ಮತ್ತೆನ ನೀನು ಕರ್ಕೊಂಡು ಬಂದ್ಯಾ?"

"ಅಮ್ಮಾರು ಮುಂಜಾನೆ ಬಂದು ನಮ್ಮ ಕಾರ್‌ನ್ಯಾಗ ಕುಂತೇಬಿಟ್ರಪಾ. ಇಳೀರಿ ಅನ್ಲಿಕ್ಕೆ ಆಗ್ತದೇನು? ಬಾಗ್ಲಾ ತಗದು ಕೊಟ್ಟೆ, ನನ್ನ ಕೆಲಸಕ್ಕ ಹೋದೆ."

"ಎಲ್ಲಿಗೆ ಹೋದ್ರು?"

"ಟೆರೇಸ್ ಮೆಟ್ಲ ಹತ್ತೂದು ನೋಡೇನಿ. ಇಳಿಯೂದು ನೋಡಿಲ್ಲ."

ಉಲ್ಲಾಸ್ ಮೆಟ್ಟಿಲು ಹತ್ತಿ ಓಡಿದ. ಟೆರೇಸಿನ ಬಾಗಿಲು ಮುಚ್ಚಿ, ಮೇಲೆ ಕೆಂಪು ದೀಪ ಉರಿಯುತ್ತಿತ್ತು. ರೇಡಾರ್ ಆಗಲೇ ಚಾಲೂ ಆಗಿತ್ತು. ಅದು ಚಾಲೂ ಇರುವಾಗ ಹತ್ತಿರ ಹೋಗುವುದು ಆರೋಗ್ಯಕ್ಕೆ ಒಳ್ಳೆಯದಲ್ಲವೆಂದು ಆ ಬಾಗಿಲು ತಾನಾಗಿಯೇ ಬೀಗ ಹಾಕಿಕೊಳ್ಳುತ್ತದೆ. ಹೊಸ್ತಿಲಿನ ಎರಡು ಬದಿಗೂ ಕುಂಕುಮ ಮೆತ್ತಿದ ನಿಂಬೆಹಣ್ಣಿನ ಹೋಳುಗಳು ಕೂತಿದ್ದವು. ಟೆರೇಸಿನಲ್ಲಿ ಜನರಿದ್ದರೆ ರೇಡಾರ್ ಚಾಲೂ ಆಗುವುದಿಲ್ಲ, ಹಾಗಾದರೆ ಅತ್ತೆ ಹಾರ ಕಟ್ಟಿ ಇಳಿದುಹೋಗಿದ್ದಾರೆ ಎಂದುಕೊಂಡ.

ಕೆಳಗೆ ಬಂದರೆ ಅತಿಥಿಗಳು ಬಂದಾಗಿತ್ತು. ವಾಯುಪಡೆಯ ಕಮಾಂಡೆಂಟ್ ನೋರಾ ಎಂಬ ನಡುವಯಸ್ಸಿನ ಹೆಂಗಸು, ಜೊತೆಗೆ ಡಬ್ಲಿನ್‌ನಿಂದ ಬಂದ, ಮಾತಿಗಿಂತ ಹೆಚ್ಚು ನಿಟ್ಟುಸಿರನ್ನೇ ಬಿಡುವ ಒಬ್ಬ ಅಧಿಕಾರಿ. ಕಂಪನಿಯ ಮಾಲೀಕ ಪಾಡ್ರಿಗ್ ಅಡುಗೆಕೋಣೆಗೆ ಹೋಗಿ ಬರಿಗೈಯಲ್ಲಿ ಬಂದ.

"ಕ್ಷಮಿಸಿ, ಇವತ್ತು ಕಾಫಿ ಇಲ್ಲ. ಮೆಷಿನ್ ಸರ್ವಿಸಿಗೆ ಯಾರೋ ಬಂದಿದಾರೆ. ಮುಟ್ಟೋಕೆ ಬಿಡ್ತಿಲ್ಲ."

ಡಬ್ಲಿನ್ ಅಧಿಕಾರಿ ನಿಟ್ಟುಸಿರು ಬಿಟ್ಟ. ದೊಡ್ಡ ಪರದೆ ಬೆಳಗಿತು. ಶಾನನ್ ನದಿ ಸಮುದ್ರ ಸೇರುವ ಜಾಗ, ಅದರಾಚೆ ಅಟ್ಲಾಂಟಿಕ್. ಪ್ರಯಾಣಿಕರ ವಿಮಾನಗಳು ಒಂದೊಂದಾಗಿ ತಮ್ಮ ನಂಬರು ಹೊತ್ತ ಚುಕ್ಕೆಗಳಾಗಿ ಮೂಡಿದವು. ನೋರಾ ಮೆಚ್ಚುಗೆಯಿಂದ ತಲೆಯಾಡಿಸಿದಳು. ಉಲ್ಲಾಸ್ ಮೆಲ್ಲಗೆ ಉಸಿರಾಡತೊಡಗಿದ.

ಆಗ ಪಶ್ಚಿಮಕ್ಕೆ, ಸಮುದ್ರದ ಮೇಲೆ, ಇನ್ನೊಂದು ಚುಕ್ಕೆ ಕಾಣಿಸಿತು. ದಪ್ಪಗಿತ್ತು. ಹೆಸರಿಲ್ಲ, ನಂಬರಿಲ್ಲ. ನೇರ ಇತ್ತಕಡೆ ಮುಖ ಮಾಡಿದಂತೆ ದಿಕ್ಕು ಬದಲಿಸದೆ, ಗಾಳಿಗೆ ತೂಗುವ ವಸ್ತುವಿನ ಹಾಗೆ ಸ್ವಲ್ಪವೇ ಅಲ್ಲಾಡುತ್ತ ನಿಂತಿತ್ತು.

"ಅದ್ಯಾರು?" ಎಂದಳು ನೋರಾ.

ಅವಳು ಎಲ್ಲಿಗೋ ಫೋನ್ ಮಾಡಿದಳು. ಅಲ್ಲಿ ಯಾರಿಗೂ ಅಂಥ ವಿಮಾನದ ಸುಳಿವಿರಲಿಲ್ಲ. ಅವಳ ಮುಖ ಬಿಳಿಚಿಕೊಂಡಿತು.

"ಈಗ ಏನ್ಮಾಡ್ತೀವಿ?" ಎಂದು ಡಬ್ಲಿನ್ ಅಧಿಕಾರಿ ಮೊದಲ ಬಾರಿ ಬಾಯಿಬಿಟ್ಟ.

"ನೋಡ್ತೀವಿ."

"ನೋಡಿದ ಮೇಲೆ?"

"ಹೋಗಿ ಹಿಡಿಯೋಕೆ ನಮ್ಮತ್ರ ಏನಿದೆ? ತರಬೇತಿಗೆ ಇಟ್ಕೊಂಡಿರೋ ಪ್ರೊಪೆಲ್ಲರ್ ವಿಮಾನ ಇದೆ. ಅದು ಅಲ್ಲಿಗೆ ಹೋಗಿ ಸೇರೋ ಹೊತ್ತಿಗೆ ಇದು ಬಂದು, ಟೀ ಕುಡಿದು, ವಾಪಸ್ ಹೋಗಿರುತ್ತೆ. ಪಕ್ಕದ ದೇಶದವರನ್ನ ಕರೀಬೇಕು. ಅದಕ್ಕೆ ಮೊದಲು ಮಂತ್ರಿಗಳಿಗೆ ಹೇಳ್ಬೇಕು." ಅವಳು ಕುರ್ಚಿಗೆ ಕುಸಿದಳು. "ಇಷ್ಟು ವರ್ಷ ಕಾಣ್ತಿರಲಿಲ್ಲ. ಒಂಥರಾ ನೆಮ್ಮದಿಯಾಗಿತ್ತು."

ಪಾಡ್ರಿಗ್ ಒಬ್ಬನ ಕಣ್ಣುಗಳು ಮಾತ್ರ ಹೊಳೆಯುತ್ತಿದ್ದವು. ಅವನ ರೇಡಾರ್, ಯಾರಿಗೂ ಕಾಣದ್ದನ್ನು ಕಂಡಿತ್ತು.

ಉಲ್ಲಾಸನಿಗೆ ಮಾತ್ರ ಆ ಚುಕ್ಕೆಯಲ್ಲಿ ಪ್ಲಾಸ್ಟಿಕ್ ಚೆಂಡುಹೂ ಒಂದೊಂದೂ ಎಣಿಸುವಷ್ಟು ಸ್ಪಷ್ಟವಾಗಿ ಕಾಣುತ್ತಿತ್ತು. ಟೆರೇಸಿನ ಪಶ್ಚಿಮದ ಕಂಬಿಗೆ ಕಟ್ಟಿದ್ದಾರೆ, ಗಾಳಿಗೆ ತೂಗುತ್ತಿದೆ. ಸುಮ್ಮನಿದ್ದರೆ ಏನಾಗುತ್ತದೆ? ಪಕ್ಕದ ದೇಶದ ಯುದ್ಧವಿಮಾನಗಳು ಬರುತ್ತವೆ, ಮಂತ್ರಿ ಟೀವಿಯಲ್ಲಿ ಮಾತಾಡುತ್ತಾರೆ, ಆಮೇಲೆ ಯಾರೋ ಟೆರೇಸಿಗೆ ಹತ್ತುತ್ತಾರೆ. ಪರ್ಮಿಟ್ಟಿನ ಮಾತು ಹಾಗಿರಲಿ, ಅತ್ತೆ ಅಳಿಯ ಇಬ್ಬರನ್ನೂ ಜೈಲಿಗೆ ಹಾಕುತ್ತಾರೆ. ನೋರಾ ಫೋನಿನಲ್ಲಿ ಮಂತ್ರಿಯ ಕಚೇರಿಯ ನಂಬರು ಒತ್ತುತ್ತಿದ್ದಳು.

"ದಯವಿಟ್ಟು ನಿಲ್ಲಿಸಿ," ಎಂದ ಉಲ್ಲಾಸ್. ಅವನ ದನಿ ಅವನಿಗೇ ಅಪರಿಚಿತವಾಗಿ ಕೇಳಿಸಿತು. "ಅದು ವಿಮಾನ ಅಲ್ಲ. ನಮ್ಮತ್ತೆ ಹಾಕಿರೋ ಹಾರ."

ಆಮೇಲೆ ಅವನು ಆಯುಧಪೂಜೆ ಎಂದರೇನು, ಯಂತ್ರಕ್ಕೆ ಹಾರ ಏಕೆ, ನಿಂಬೆಹಣ್ಣಿನ ಪಾತ್ರವೇನು ಎಂದೆಲ್ಲ ತೊದಲುತ್ತ ವಿವರಿಸಿದ. ಎಲ್ಲ ಮುಗಿದ ಮೇಲೆ ನೋರಾ ಫೋನನ್ನು ಮೆಲ್ಲಗೆ ಮೇಜಿನ ಮೇಲಿಟ್ಟಳು. ಅವಳ ಮುಖಕ್ಕೆ ರಕ್ತ ವಾಪಸ್ ಬಂತು.

"ಹಾರ," ಎಂದಳು. "ದೇವರು ದೊಡ್ಡವನು. ಹಾರವಂತೆ."

ಡಬ್ಲಿನ್ ಅಧಿಕಾರಿ ನಕ್ಕೇಬಿಟ್ಟ. ಇಬ್ಬರೂ ಎದ್ದು ಕೋಟು ಹಾಕಿಕೊಂಡರು. ಹೋಗುವಾಗ ನೋರಾ ಪಾಡ್ರಿಗ್‌ನ ಕೈ ಕುಲುಕಿ, "ಗ್ರ್ಯಾಂಡ್ ಆಗಿತ್ತು," ಎಂದಳು. "ಆದ್ರೆ ಅತ್ತೆಯ ಹಾರಕ್ಕೂ ಶತ್ರು ವಿಮಾನಕ್ಕೂ ವ್ಯತ್ಯಾಸ ತಿಳಿಯದ ರೇಡಾರ್ ನಮಗೆ ಬೇಡ. ಬೇರೆಯವರದ್ದು ನೋಡ್ತೀವಿ."

ಅವರ ಕಾರು ಗೇಟು ದಾಟುವುದನ್ನು ಕಿಟಕಿಯಿಂದ ನೋಡಿ ಪಾಡ್ರಿಗ್ ರೇಡಾರ್ ಆರಿಸಿದ. ಬೀಗ ಬಿಚ್ಚಿಕೊಂಡ ಸದ್ದು ಕೇಳಿಸಿತು. "ಬಾ," ಎಂದ. "ನನ್ನ ಕಂಪನಿಯನ್ನ ಮುಗಿಸಿದ ಆ ಹಾರ ಹೇಗಿದೆ ಅಂತಾದ್ರೂ ನೋಡೋಣ."

ಟೆರೇಸಿನಲ್ಲಿ ಜಿಟಿಜಿಟಿ ಮಳೆ. ರೇಡಾರ್ ತೊಳೆದಿಟ್ಟ ತಟ್ಟೆಯಂತೆ ನಿಂತಿತ್ತು. ಕಂಬಿಯ ಮೇಲೆ ಒಂದು ಕಡಲಹಕ್ಕಿ ಕೂತಿತ್ತು. ಹಾರ ಎಲ್ಲೂ ಇರಲಿಲ್ಲ. ಉಲ್ಲಾಸ್ ರೇಡಾರಿನ ಹಿಂದೆ ನೋಡಿದ, ಕೆಳಗೆ ಬಗ್ಗಿ ನೋಡಿದ, ಕೊನೆಗೆ ಮೋರಿಯ ಬಾಯಲ್ಲೂ ಕೈಹಾಕಿ ನೋಡಿದ.

"ಎಲ್ಲಿ?" ಎಂದ ಪಾಡ್ರಿಗ್.

ಹಾರ ಸಿಕ್ಕಿದ್ದು ಅಡುಗೆಕೋಣೆಯಲ್ಲಿ. ಹ್ಯಾಲೊವೀನ್ ತೋರಣಗಳ ನಡುವೆ ಯಾರ ಕಣ್ಣಿಗೂ ಬೇರೆಯಾಗಿ ಕಾಣದೆ, ಕಾಫಿ ಮೆಷಿನ್ನಿನ ಕೊರಳಲ್ಲಿ ಎರಡು ಸುತ್ತು ಸುತ್ತಿಕೊಂಡು ಮಿರುಗುತ್ತಿತ್ತು. ಪ್ಲಗ್ಗು ಕಿತ್ತಿತ್ತು. ಪಕ್ಕದ ಕುರ್ಚಿಯಲ್ಲಿ ದ್ರಾಕ್ಷಾಯಿಣಮ್ಮ ರೇಷ್ಮೆ ಸೀರೆಯ ಮೇಲೆ ಅಳಿಯನ ಹಳೇ ಜಾಕೆಟ್ ಹಾಕಿಕೊಂಡು ಕಾವಲು ಕೂತಿದ್ದರು. ಪಾಡ್ರಿಗ್‌ನನ್ನು ಕಂಡೊಡನೆ, "ನೋ ಟಚ್ ಟುಡೇ," ಎಂದರು.

"ಅತ್ತೆ," ಎಂದ ಉಲ್ಲಾಸ್. "ರೇಡಾರಿಗೆ ಹಾಕ್ಲಿಲ್ವಾ?"

"ನೀವು ಬೇಡ ಅಂದ್ರಲ್ಲಪ್ಪ. ಅಳಿಯಂದ್ರು ಅಷ್ಟು ಹೇಳಿದ ಮೇಲೂ ಹಾಕ್ತೀನಾ? ಮೇಲೆ ಹೋಗಿ ಹೊಸ್ತಿಲಿಗೆ ಮಾತ್ರ ನಿಂಬೆಹಣ್ಣಿಟ್ಟು ಬಂದೆ. ತಂದ ಹಾರ ವೇಸ್ಟ್ ಆಗ್ಬಾರ್ದಲ್ಲ. ಇಲ್ಲಿ ನೋಡಿದ್ರೆ ಎಲ್ರೂ ಬಂದು ಇದರ ಮುಂದೆ ಸಾಲಾಗಿ ನಿಲ್ತಿದ್ರು. ನಮ್ಮ ಎಚ್‌ಎಎಲ್‌ನಲ್ಲೂ ಕ್ಯಾಂಟೀನಿನ ಬಾಯ್ಲರಿಗೇ ಮೊದಲ ಪೂಜೆ." ಅಳಿಯನ ಮುಖ ನೋಡಿದರು. "ಯಾಕೆ, ಮಿಲಿಟರಿಯವ್ರಿಗೆ ಇಷ್ಟ ಆಗ್ಲಿಲ್ವಾ?"

ಉಲ್ಲಾಸನಿಗೆ ಅಳು ಬಂತು. ಮದುವೆಯಾದಾಗಿನಿಂದ ಅತ್ತೆ ಅವನ ಮಾತು ಕೇಳಿದ್ದು ಇದೊಂದೇ ಸಲ, ಅವನು ಅವರನ್ನು ನಂಬದೆ ಕೆಟ್ಟದ್ದೂ ಇದೊಂದೇ ಸಲ. ಮಾತು ಒಂದೂ ಅರ್ಥವಾಗದ ಪಾಡ್ರಿಗ್ ಹಾರವನ್ನೂ ಉಲ್ಲಾಸನನ್ನೂ ನೋಡುತ್ತ ನಿಂತಿದ್ದ. ನಿಧಾನವಾಗಿ ಅವನಿಗೂ ಹೊಳೆಯಿತು.

"ಹಾರ ಇಲ್ಲೇ ಇದ್ರೆ," ಎಂದ, "ಅಲ್ಲಿ ಕಂಡಿದ್ದೇನು?"

ಆಗ ಪಶ್ಚಿಮದಿಂದ ಗುಡುಗಿನಂಥ ಸದ್ದು ಶುರುವಾಯಿತು. ಗುಡುಗಿನ ಹಾಗೆ ನಿಲ್ಲದೆ ಹತ್ತಿರ ಬಂತು. ಕಪಾಟಿನ ಕಪ್ಪುಗಳು ಕಿಣಿಕಿಣಿಯೆಂದವು, ಮೆಷಿನ್ನಿನ ಮೇಲಿಟ್ಟಿದ್ದ ನಿಂಬೆಹಣ್ಣು ಉರುಳಿ ನೆಲಕ್ಕೆ ಬಿತ್ತು. ಏನೋ ಬಹಳ ದೊಡ್ಡದು, ಮೋಡದ ಮೇಲಿಂದ, ಯಾವ ಅವಸರವೂ ಇಲ್ಲದೆ, ಕಟ್ಟಡದ ನೆತ್ತಿಯನ್ನು ದಾಟಿ ಡಬ್ಲಿನ್ ಕಡೆಗೆ ಹೋಯಿತು.

ಪಾಡ್ರಿಗ್ ಓಡಿಹೋಗಿ ನೋರಾಗೆ ಫೋನ್ ಮಾಡಿದ. ಕಾರಿನ ಸ್ಪೀಕರಿನಲ್ಲಿ ಅವಳ ದನಿ ಲವಲವಿಕೆಯಿಂದ ಕೇಳಿಸಿತು.

"ಹೌದು, ನಮಗೂ ಸದ್ದು ಕೇಳಿಸ್ತು," ಎಂದಳು. "ಆ ಅಮ್ಮನಿಗೆ ಹೇಳಿ, ಹಾರ ತುಂಬ ಚೆನ್ನಾಗಿದೆ ಅಂತ."

ಫೋನ್ ಕಟ್ಟಾಯಿತು. ದ್ರಾಕ್ಷಾಯಿಣಮ್ಮ ಸೂರಿನ ಕಡೆ ನೋಡಿ, ಕೈಮುಗಿದು, "ಅಬ್ಬ, ಕೊನೆಗೂ ಒಂದು ವಿಮಾನ ತಗೊಂಡ್ರಲ್ಲ ಇವ್ರು," ಎಂದರು.