ಪರದೆ ಇಳಿದ ಮನೆ

ಡಿಂಪ್ನಾ ಗೆರಟಿ ಅಂದು ಮಾಡಿದ ತಪ್ಪು ಒಂದೇ. ಮಟಮಟ ಮಧ್ಯಾಹ್ನ ಬೀದಿ ಕಡೆಯ ಕಿಟಕಿಗಳ ಪರದೆ ಇಳಿಸಿಬಿಟ್ಟಳು.

ಪೆಟ್ಟಿಗೆ ತುಂಬುವುದು ಎದುರುಮನೆಯ ವಿಧವೆ ಬ್ರೀಜ್ ಟುಹಿಗೆ ಕಾಣಬಾರದಿತ್ತು. ಆಕೆ ಹಗಲೆಲ್ಲ ಇವರ ಮನೆಯ ಕಡೆಗೇ ಕಣ್ಣು ನೆಟ್ಟು ಕೂತಿರುತ್ತಿದ್ದಳು. ಮೂರು ಗಂಟೆಯ ಬಸ್ಸಿಗೆ ಗಡಿಯಾರ ರಿಪೇರಿಯ ಕೋಲ್ಮನ್ ಕಾಯುತ್ತಿದ್ದ. ಬಸ್ಸು ಬಂದರಿಗೆ, ಅಲ್ಲಿಂದ ಸಂಜೆಯ ಹಡಗು ಆಸ್ಟ್ರೇಲಿಯಾಕ್ಕೆ. "ಹನ್ನೊಂದು ವರ್ಷ ಕಾದಿದ್ದೀನಿ ಡಿಂಪ್ನಾ. ಈ ಹಡಗು ತಪ್ಪಿದ್ರೆ ಇನ್ನು ಕೇಳಲ್ಲ," ಅಂದಿದ್ದ.

ಆ ಹನ್ನೊಂದು ವರ್ಷವೂ ಅವಳ ಅಪ್ಪ ಮಲಾಕಿ ಹಾಸಿಗೆ ಹಿಡಿದಿದ್ದ. ಎದೆಯಲ್ಲಿ ಏನೋ ಇದೆ ಎಂದು ಅವನು, ಏನೂ ಇಲ್ಲ ಎಂದು ಡಾಕ್ಟರು. ಅಪ್ಪನಿಗೆ ಗಂಜಿ ಯಾರು ಕಾಸಿಕೊಡಬೇಕು ಎಂದು ಮದುವೆ ಮುಂದೂಡುತ್ತಲೇ ಡಿಂಪ್ನಾ ನಲವತ್ತರ ಹತ್ತಿರ ಬಂದಿದ್ದಳು. ಗಡಿಬಿಡಿಯಲ್ಲಿ ಆವತ್ತು ಗೋಡೆ ಗಡಿಯಾರಕ್ಕೆ ಕೀ ಕೊಡುವುದೂ ಮರೆತಿತ್ತು.

ಆ ಊರಲ್ಲಿ ಹಗಲು ಹೊತ್ತು ಪರದೆ ಇಳಿದರೆ ಅರ್ಥ ಒಂದೇ: ಮನೆಯಲ್ಲಿ ಸಾವು. ಹತ್ತು ನಿಮಿಷಕ್ಕೆ ಬ್ರೀಜ್ ಬಾಗಿಲು ದೂಡಿಕೊಂಡು ಬಂದಳು. ಹಿಂದೆ ಅರ್ಧ ಬೀದಿ, ಕೈಯಲ್ಲಿ ಸಾವಿನ ಮನೆಯ ಊಟಕ್ಕೆಂದು ಬೇಯಿಸಿದ ಹಂದಿಮಾಂಸ, ಎರವಲು ಕುರ್ಚಿಗಳು. ಡಿಂಪ್ನಾ ಪೆಟ್ಟಿಗೆಯನ್ನು ಕಾಲಲ್ಲೇ ಮೇಜಿನಡಿಗೆ ತಳ್ಳಿದಳು.

"ನೋಡಿ, ಪ್ರಾಣ ಹೋದ ಹೊತ್ತಿಗೇ ಗಡಿಯಾರಾನೂ ನಿಲ್ಲಿಸಿದ್ದಾಳೆ ಪಾಪ. ಒಂದಕ್ಕೆ ಹತ್ತು ನಿಮಿಷ ಇರೋವಾಗ ಹೋಗಿದ್ದಾರೆ," ಎಂದು ಬ್ರೀಜ್ ಶಿಲುಬೆಯ ಗುರುತು ಹಾಕಿಕೊಂಡಳು.

"ಬ್ರೀಜಮ್ಮಾ, ಅಪ್ಪ ಸತ್ತಿಲ್ಲ!"

"ಮೊದಮೊದಲು ಎಲ್ಲರೂ ಹಾಗೇ ಅನ್ನೋದು ಮಗೂ. ನನ್ನ ಗಂಡ ಹೋದಾಗ ನಾನೂ ಮೂರು ದಿನ ಅದನ್ನೇ ಅಂದಿದ್ದೆ."

"ಆಣೆ ಮಾಡಿ ಹೇಳ್ತೀನಿ, ಬದುಕಿದ್ದಾರೆ!"

"ಹಂಗಾದ್ರೆ ಪರದೆ ಯಾಕೆ ಇಳಿಸಿದೀಯ?"

ಡಿಂಪ್ನಾ ಮೇಜಿನಡಿಯ ಪೆಟ್ಟಿಗೆಯನ್ನು ಕಾಲಲ್ಲಿ ಇನ್ನಷ್ಟು ಹಿಂದಕ್ಕೆ ತಳ್ಳಿದಳು. ಅಷ್ಟರಲ್ಲಿ ಇಗರ್ಜಿಯ ಸಾವಿನ ಗಂಟೆಯೂ ಮೊಳಗತೊಡಗಿತು. ಅವಳನ್ನು ಹಿಡಿದು ಕುರ್ಚಿಯಲ್ಲಿ ಕೂರಿಸಿ, ಕೈಗೆ ಬಿಸಿ ವಿಸ್ಕಿ ಕೊಟ್ಟು, ಏಳಲು ಹೋದಾಗಲೆಲ್ಲ ಭುಜ ಅದುಮಿ, ಎಲ್ಲರೂ ಗಾಢ ನಿದ್ದೆಯಲ್ಲಿದ್ದ ಮಲಾಕಿಯ ಮಂಚದ ಸುತ್ತ ಮೊಣಕಾಲೂರಿ ಜಪಮಾಲೆ ಶುರು ಮಾಡಿದರು.

ಮೂರನೆಯ ಸುತ್ತಿಗೆ ಹೆಣ ಕಣ್ಣು ಬಿಟ್ಟಿತು. "ಯಾರು ಸತ್ರು? ಒಳ್ಳೇ ಮಾಂಸದ ವಾಸನೆ ಬರ್ತಿದೆ."

ಬ್ರೀಜ್ ಎಲ್ಲರೆದುರೇ ಅವನ ಎದೆಯ ಮೇಲೆ ಬಿದ್ದಳು. "ಅಯ್ಯೋ ನನ್ನ ಮಲಾಕೀ! ಮದುವೆ ಆಗ್ತೀನಿ ಅಂತ ಮಾತು ಕೊಟ್ಟು ಹೋಗಿಬಿಟ್ಟೆ ಅಂದ್ಕೊಂಡೆ!"

ಜಪಮಾಲೆ ಅಲ್ಲಿಗೇ ನಿಂತಿತು. ಮಲಾಕಿ ಮಗಳ ಮುಖ ನೋಡಲಾರದೆ ಹೊದಿಕೆ ಸರಿಮಾಡಿಕೊಂಡ.

"ಮಾತು ಕೊಟ್ಟು ಏಳು ವರ್ಷ ಆಯ್ತಮ್ಮ. ನೀನು ನನಗೋಸ್ಕರ ಮದುವೆ ಬಿಟ್ಟು ಕೂತಿರೋವಾಗ ಹೇಗೆ ಹೇಳ್ಲಿ? ನಾನು ಎದ್ದು ಓಡಾಡಿದ್ರೆ ನಿನಗೆ ಯಾರಿದ್ದಾರೆ, ಏನು ಕೆಲಸ ಇದೆ, ಅಂತ ಮಲಗೇ ಇದ್ದೆ."

ಡಿಂಪ್ನಾ ಪೆಟ್ಟಿಗೆ ಎಳೆದುಕೊಂಡು ಓಡಿದಳು. ಯಾರು ನೋಡಿದರೂ ಈಗ ಅವಳಿಗೆ ಲೆಕ್ಕವಿರಲಿಲ್ಲ.

ಅಂಚೆಮನೆಯ ಮುಂದೆ ಬಸ್ಸಿನ ಹೊಗೆ ಇನ್ನೂ ಕರಗಿರಲಿಲ್ಲ. ಅಂಚೆಯಮ್ಮ ಒಂದು ಕಾರ್ಡು ಕೊಟ್ಟಳು. ಸತ್ತವರ ಹೆಸರಲ್ಲಿ ಇಗರ್ಜಿಯಲ್ಲಿ ಪೂಜೆ ಮಾಡಿಸಿ ಮನೆಯವರಿಗೆ ಕೊಡುವಂಥದ್ದು. ಕೋಲ್ಮನ್‌ನ ದುಂಡು ಅಕ್ಷರ: "ಗಂಟೆ ಕೇಳಿಸಿತು. ಅಪ್ಪನ ಆತ್ಮಕ್ಕೆ ಶಾಂತಿ ಸಿಗಲಿ. ಇನ್ನೊಂದು ವರ್ಷ ನೀನು ಮದುವೆಯಾಗುವಂತಿಲ್ಲ, ಶೋಕದ ಕಪ್ಪು ಬಟ್ಟೆ ಬಿಡುವಂತಿಲ್ಲ. ಬಿಡು ಅನ್ನಲು ನನಗೆ ಬಾಯಿಲ್ಲ, ಕಾಯಲು ಶಕ್ತಿಯಿಲ್ಲ. ಕ್ಷಮಿಸು."

ಹನ್ನೊಂದು ವರ್ಷದಲ್ಲಿ ಯಾವುದಾದರೂ ಒಂದು ದಿನ ಹೊರಟಿದ್ದರೂ ಆಗುತ್ತಿತ್ತು. ಅದನ್ನೇ ಎಣಿಸುತ್ತ ಅವಳು ಪೆಟ್ಟಿಗೆ ಹೊತ್ತು ವಾಪಸು ನಡೆದಳು.

ಮನೆಯಲ್ಲಿ ಪರದೆಗಳು ಮೇಲೆದ್ದಿದ್ದವು. ಅಪ್ಪ ಮೇಜಿನ ಮುಂದೆ ಕೂತು ತನ್ನದೇ ಸಾವಿನ ಊಟ ಉಣ್ಣುತ್ತಿದ್ದ. ಒಲೆಯ ಮುಂದೆ ಡಿಂಪ್ನಾಳ ಏಪ್ರನ್ ಕಟ್ಟಿಕೊಂಡು ಬ್ರೀಜ್ ನಿಂತಿದ್ದಳು.

"ಬಾ ಮಗಳೇ, ಕೂತ್ಕೋ," ಎಂದಳು ಬ್ರೀಜ್ ಅಕ್ಕರೆಯಿಂದ. "ನಿನ್ನ ಚಹಾಕ್ಕೆ ಎಷ್ಟು ಚಮಚ ಸಕ್ಕರೆ ಹಾಕ್ಲಿ?"