ತಲೆಗೆ ಇಲ್ಲಿ ಏನಂತಾರೆ?

ಊರೂರಿನ ಮಾತು ಗುರುತಿಸುವ ಎರ್ಮೇತೆ ಫಲಾಸ್ಕನ ನಕಾಶೆಯಲ್ಲಿ ಒಂದೇ ಒಂದು ಚೌಕ ಖಾಲಿ ಉಳಿದಿತ್ತು. ಇಟಲಿಯ ಅಬ್ರುಟ್ಸೊ ಬೆಟ್ಟದ ಈ ಊರಲ್ಲಿ ತಲೆಗೆ ಏನನ್ನುತ್ತಾರೆ? ಹಿಂದೆ ರೋಮಿನವರು ತಲೆಯನ್ನು ತಮಾಷೆಗೆ ‘ತೆಸ್ತ’, ಅಂದರೆ ಮಡಕೆ, ಎಂದರಂತೆ. ತಮಾಷೆಯೇ ಗಟ್ಟಿಯಾಗಿ ಇಟಲಿ, ಫ್ರಾನ್ಸುಗಳಲ್ಲಿ ಎಲ್ಲರ ಹೆಗಲ ಮೇಲೂ ಮಡಕೆ ಕೂತಿತು; ತಲೆಗಿದ್ದ ಹಳೆಯ ಹೆಸರು ‘ಕಾಪುತ್’ ಮೂಲೆ ಸೇರಿತು. ಆ ಹಳೆಯ ಮಾತು ಈ ಬೆಟ್ಟದಲ್ಲಿನ್ನೂ ಉಸಿರಾಡುತ್ತಿದೆ ಎಂಬುದು ಅವನನ್ನು ಕಳಿಸಿದ ಪ್ರೊಫೆಸರರ ಹಟ. ಮಧ್ಯಾಹ್ನದ ಬಸ್ಸು ಹೊರಡುವುದರೊಳಗೆ ಉತ್ತರ ಸಿಗದಿದ್ದರೆ ಎರ್ಮೇತೆಯ ಕೆಲಸ ಹೋದಂತೆ. ಸಮೀಕ್ಷೆಯ ನಿಯಮದಂತೆ ಶಬ್ದವನ್ನು ಅವನು ತಾನಾಗಿ ಆಡುವಂತಿರಲಿಲ್ಲ; ತೋರಿಸಿ, ಊರವರ ಬಾಯಿಂದಲೇ ಹೊರಡಿಸಬೇಕಿತ್ತು.

ಕ್ಷೌರಿಕ ನೂನ್ಸಿಯೊನ ಮುಂದೆ ನಿಂತು ತಲೆ ಮುಟ್ಟಿ ತೋರಿಸಿದ. ನೂನ್ಸಿಯೊ ಅವನನ್ನು ಕುರ್ಚಿಗೆ ಒತ್ತಿ ಕೂರಿಸಿ, ಚುನಾವಣೆಯ ಸುದ್ದಿ ಹೇಳುತ್ತಲೇ ಕತ್ತರಿ ಆಡಿಸಿದ. ಕಾಲು ಗಂಟೆಯಲ್ಲಿ ಎರ್ಮೇತೆ ಉಣ್ಣೆ ತೆಗೆದ ಕುರಿಯಂತಾದ.

ಡಿಸೆಂಬರಿನ ಚಳಿಯಲ್ಲಿ ಆ ಬೋಳನ್ನೇ ಮುಟ್ಟಿ ತೋರಿಸಿದಾಗ, ನೋವೆಂದುಕೊಂಡ ನಲ್ಲಿಕಟ್ಟೆಯ ಹೆಂಗಸರು ಶೀತವೆಂದರು, ಹಸಿವೆಂದರು. ಒಬ್ಬಳು ಹಣೆಗೆ ಆಲೂಗಡ್ಡೆ ಹೋಳಿಟ್ಟು ವಸ್ತ್ರ ಬಿಗಿದಳು. ಕೊನೆಗೆ ಎಲ್ಲರೂ ಸೇರಿ ಅವನನ್ನು ಮುದುಕಿ ಕೊಂಚೇತ್ಸಿಯಳ ಮನೆಗೆ ನಡೆಸಿದರು. ಅವಳು ತಟ್ಟೆಯ ನೀರಿಗೆ ಎಣ್ಣೆ ತೊಟ್ಟಿಕ್ಕಿಸಿದಳು. ಎಣ್ಣೆ ಹರಡಿಕೊಂಡಿತು.

“ದೃಷ್ಟಿ ತಾಗಿದೆ ಮಗಾ. ಯಾರೋ ನಿನ್ನ ಕೂದಲು ನೋಡಿ ಹೊಟ್ಟೆ ಉರ್ಕೊಂಡಿದಾರೆ.”

“ಕೂದಲು ಈಗಷ್ಟೇ ಹೋಯ್ತಲ್ಲ ಅಜ್ಜಿ.”

“ನೋಡ್ದ್ಯಾ, ಎಂಥಾ ಕೆಟ್ಟ ದೃಷ್ಟಿ.”

ಹಣೆಯ ಮೇಲೆ ಹೆಬ್ಬೆರಳಿನಿಂದ ಶಿಲುಬೆ ಎಳೆಯುತ್ತಾ ಅವಳು ಪ್ರಾರ್ಥನೆ ಗುನುಗಿದಳು. ಎರ್ಮೇತೆಯ ಕಿವಿ ನೆಟ್ಟಗಾಯಿತು. ಇನ್ನೊಮ್ಮೆ ಹೇಳಿ ಎಂದು ಬೇಡಿದ. ಮುದುಕಿಯ ಕಣ್ಣು ಒದ್ದೆಯಾಯಿತು.

“ಇದನ್ನ ಕ್ರಿಸ್ಮಸ್ಸಿನ ಹಿಂದಿನ ದಿನ ಮಾತ್ರ ಕಲಿಸ್ಬೋದು, ಅದೂ ಒಬ್ಬರಿಗೆ. ಇವತ್ತೇ ಆ ದಿನ. ಇವರಲ್ಲಿ ಒಬ್ರೂ ಕೇಳಿರ್ಲಿಲ್ಲ, ನೀನು ಕೇಳ್ದೆ.”

ಅವಳು ಕಿವಿಯಲ್ಲಿ ಉಸುರಿದ್ದು ನಾಲ್ಕೇ ಸಾಲು, ತೊಟ್ಟಿಲು ತೂಗುವ ಲಯ. ಮೂರನೆಯದರಲ್ಲಿ ಇತ್ತು: ತಲೆ. ಮಡಕೆಯಲ್ಲ, ಅಪ್ಪಟ ಹಳೆಯದು, ಚರ್ಚಿನ ಗಂಟೆಯಷ್ಟು ಸ್ಪಷ್ಟ. ಎರ್ಮೇತೆ ಅವಳ ಕೈಗೆ ಮುತ್ತಿಟ್ಟು ಪೆನ್ನು ತೆಗೆದ. ಅವಳು ಮಣಿಕಟ್ಟು ಹಿಡಿದಳು.

“ಬರೀಬಾರ್ದು. ಕಲಿಸೋ ಆ ದಿನ ಬಿಟ್ಟು ಅದರಲ್ಲಿನ ಒಂದು ಮಾತೂ ಯಾರ ಹತ್ರಾನೂ ಆಡ್ಬಾರ್ದು. ಆಡಿದ್ರೆ, ನಾನು ಅರವತ್ತು ವರ್ಷದಿಂದ ತೆಗೆದ ನೋವೆಲ್ಲ ನಿನ್ನ ಮೇಲೇ ಬಂದು ಕೂರತ್ತೆ.”

ಬಸ್ಸಿನಲ್ಲಿ ಕೂತು, ಇದೆಲ್ಲ ಮೂಢನಂಬಿಕೆ ಎಂದುಕೊಂಡು ಪೆನ್ನಿನ ಮುಚ್ಚಳ ತೆಗೆದ. ಕಪಾಲ ಸಿಡಿಯತೊಡಗಿತು. ಮುಚ್ಚಿದ; ನಿಂತಿತು. ರೋಮ್ ತಲುಪುವಷ್ಟರಲ್ಲಿ ಏಳು ಸಲ ತೆಗೆದು ಏಳು ಸಲ ಮುಚ್ಚಿದ್ದ.

ರಜೆ ಮುಗಿದ ಮೇಲೆ ಪ್ರೊಫೆಸರರು ಖಾಲಿ ಚೌಕದ ಮೇಲೆ ಬೆರಳಿಟ್ಟು, ಶಬ್ದ ಸಿಗಲಿಲ್ಲವೇ ಎಂದು ಗುಡುಗಿದರು. ಸಿಕ್ಕಿದೆ, ತಾವು ಹೇಳಿದ್ದೇ ನಿಜ ಎಂದ ಎರ್ಮೇತೆ.

“ಹಾಗಾದ್ರೆ ಹೇಳಯ್ಯಾ.”

“ಮುಂದಿನ ಕ್ರಿಸ್ಮಸ್ಸಿನ ಹಿಂದಿನ ದಿನ ಕೇಳಿ, ಪ್ರೊಫೆಸರೇ. ಆದ್ರೆ ಆಮೇಲೆ ನೀವೂ ಅಚ್ಚು ಹಾಕ್ಸೋ ಹಾಗಿಲ್ಲ.”