ನೀಲಿ ಚಡ್ಡಿಯ ಅತ್ತೆ

ಮಕ್ಕಳು ಹಾಳಾಗುತ್ತಾರೆ ಎಂಬ ಚಿಂತೆಗೆ ಪ್ರತಿ ಕಾಲದಲ್ಲೂ ಒಂದು ಹೊಸ ಯಂತ್ರ ಬೇಕಾಗುತ್ತದೆ. ನಾನು ಚಿಕ್ಕವಳಿದ್ದಾಗ ರೇಡಿಯೋದ ಚಿತ್ರಗೀತೆ ಕೇಳಿ ಕೆಟ್ಟುಹೋಗುತ್ತೇನೆಂದು ನಮ್ಮಪ್ಪ ಹೆದರಿದ್ದರು. ಆಮೇಲೆ ಟೀವಿ ಬಂತು. ನನ್ನ ಮಗಳು ರಶ್ಮಿ ಒಂಬತ್ತನೇ ತರಗತಿಗೆ ಬರುವ ಹೊತ್ತಿಗೆ ನಮ್ಮ ಕೆ.ಆರ್. ನಗರಕ್ಕೂ ವಿಡಿಯೋ ಗೇಮ್ ಬಂದಿತ್ತು. ದೊಡ್ಡವರು ಹಾಳಾಗುತ್ತಾರೆಂದು ಮಾತ್ರ ಯಾರೂ ಸಭೆ ಕರೆದದ್ದು ನನಗೆ ನೆನಪಿಲ್ಲ.

ನಮ್ಮ ಮನೆಗೆ ಅದನ್ನು ತಂದವರು ಯಜಮಾನರು. ಟ್ರ್ಯಾಕ್ಟರ್ ಸಾಮಾನು ತರಲು ಮೈಸೂರಿಗೆ ಹೋದವರು, ಟೀವಿಗೆ ಸಿಕ್ಕಿಸಿ ಆಡುವ ಪೆಟ್ಟಿಗೆಯೊಂದನ್ನು ಎರಡು ರಿಮೋಟುಗಳ ಸಮೇತ ಹಿಡಿದು ಬಂದರು. ಆಟ ಇಷ್ಟೇ: ಕೆಂಪು ಚಡ್ಡಿಯವನೊಬ್ಬ, ನೀಲಿ ಚಡ್ಡಿಯವನೊಬ್ಬ, ಯಾರಾದರೂ ನೆಲ ಹಿಡಿಯುವವರೆಗೆ ಹೊಡೆದಾಡಬೇಕು. ಏತಕ್ಕೆ ಹೊಡೆದಾಡುತ್ತಾರೆಂದು ಅದರಲ್ಲಿ ಎಲ್ಲೂ ಹೇಳಿರಲಿಲ್ಲ.

ಅದೇ ಸಮಯಕ್ಕೆ ನಾನು ಪಾಠ ಮಾಡುವ, ರಶ್ಮಿ ಓದುವ ಹೈಸ್ಕೂಲಿನಲ್ಲಿ ಇಬ್ಬರು ಹುಡುಗರು ಹೊಡೆದಾಡಿ ಅಂಗಿ ಹರಿದುಕೊಂಡರು. ಹೆಡ್‌ಮಾಸ್ಟರು ಪೋಷಕರ ಸಭೆ ಕರೆದು, “ಮೇಡಂ, ನೀವು ಟೀಚರೂ ಹೌದು, ತಾಯಿಯೂ ಹೌದು. ಈ ವಿಡಿಯೋ ಗೇಮಿನ ವಿಷಯ ನೀವೇ ಮಾತಾಡ್ಬೇಕು” ಎಂದರು. ಮಾತಾಡಲು ಆಧಾರ ಬೇಕಲ್ಲ ಎಂದು ಮಗಳನ್ನು ಗಮನಿಸತೊಡಗಿದೆ. ಅವಳಿಂದ ಏನೂ ಪ್ರಯೋಜನವಾಗಲಿಲ್ಲ. ಎದುರಾಳಿಯನ್ನು ಮಲಗಿಸಿ, ಒಮ್ಮೆ ಆಕಳಿಸಿ, ಬೀಜಗಣಿತದ ಪುಸ್ತಕ ತೆಗೆಯುತ್ತಿದ್ದಳು.

ಬದಲಾದವರು ನಮ್ಮತ್ತೆ. ಮಂಡಿನೋವಿಗೆ ಔಷಧಿ ಮಾಡಿಸಲೆಂದು ತಮ್ಮೂರು ಭೇರ್ಯದಿಂದ ಬಂದು ನಮ್ಮಲ್ಲೇ ಇದ್ದರು. ಮೊದಮೊದಲು ಮಂಚದ ಮೇಲಿಂದಲೇ “ಅಂಗಲ್ಲ ಕಣಮ್ಮಿ, ಸೊಂಟಕ್ಕೆ ಒದಿ!” ಎಂದು ಮೊಮ್ಮಗಳಿಗೆ ಹೇಳಿಕೊಡುತ್ತಿದ್ದರು. ಕೆಲವೇ ದಿನಗಳಲ್ಲಿ ರಿಮೋಟು ಅವರ ಕೈಗೇ ಬಂತು. ಮದುವೆಯಾದಾಗಿನಿಂದ ನಾನು ಮಾಡಿದ ಯಾವ ಸಾರೂ ಅವರಿಗೆ ಸರಿಬಂದಿರಲಿಲ್ಲ. ಈಗ ಉಪ್ಪು ಸಾಕೇ ಎಂದು ಕೇಳಿದರೆ, “ಎಂಗೋ ಅದೆ ಬುಡವ್ವ, ಇಲ್ಲಿ ಇವ್ನು ಮತ್ತೆ ಏಳ್ತಾವ್ನೆ” ಎನ್ನುತ್ತಿದ್ದರು. ಹಿಂಸೆಯಿಂದ ಮನೆಯೊಳಗೆ ಇಷ್ಟು ಶಾಂತಿ ನೆಲೆಸುತ್ತದೆಂದು ನನಗೆ ಬಿ.ಎಡ್.ನಲ್ಲಿ ಯಾರೂ ಕಲಿಸಿರಲಿಲ್ಲ.

ಒಂದು ಸಂಜೆ ರಶ್ಮಿ ಟ್ಯೂಷನ್ನಿಗೆ ಹೋಗಿದ್ದಳು. “ಬಾವ್ವ, ನಾನು ನೀಲಿ ಚಡ್ಡಿ. ನೀನು ಕೆಂಪು ಚಡ್ಡಿಯಾಗು” ಎಂದು ಅತ್ತೆ ಕರೆದರು. ಹಿರಿಯರ ಮಾತು ಮೀರಬಾರದೆಂದು ಕೂತೆ. ಯಾವ ಗುಂಡಿ ಒತ್ತಿದರೆ ಏನಾಗುತ್ತದೆಂದು ಗೊತ್ತಿರಲಿಲ್ಲ, ಬೇಗ ಗೊತ್ತಾಯಿತು. ರಶ್ಮಿಯ ನಾಮಕರಣದಲ್ಲಿ ನಮ್ಮಮ್ಮನನ್ನು ಪಂಕ್ತಿಯ ಕೊನೆಗೆ ಕೂರಿಸಿದ್ದು ನೆನಪಾಗಿ ಒಂದು ಒದೆ ಕೊಟ್ಟೆ. ನನ್ನ ಡಿಗ್ರಿಯನ್ನು ನೆಂಟರ ಮುಂದೆ ‘ಅದೇನೋ ಕಾಗದ’ ಎಂದದ್ದು ನೆನಪಾಗಿ ಗುದ್ದಿದೆ.

“ಅಲ್ಲ ಕಣಮ್ಮಿ, ಬಿದ್ದೋನ್ನೂ ತುಳೀತೀಯಲ್ಲ!” ಎಂದರು ಅತ್ತೆ.

“ಆಟ ಇರೋದೇ ಹಂಗೆ ಕಣತ್ತೆ” ಎಂದೆ.

ಅವರು ನನ್ನನ್ನು ಮೊಟ್ಟಮೊದಲ ಬಾರಿಗೆ ಗೌರವದಿಂದ ನೋಡಿದರು. ಮುಂದಿನ ಆಟದಲ್ಲಿ ನನ್ನನ್ನು ಮೂಲೆಗೆ ಒತ್ತಿ ಬಡಿದರು. ಆಮೇಲೆ ಇಬ್ಬರೂ ಒಟ್ಟಿಗೆ ಕೂತು ಕಾಫಿ ಕುಡಿದೆವು.

ಸಭೆಯಲ್ಲಿ ನಾನು ಚೆನ್ನಾಗಿಯೇ ಮಾತಾಡಿದೆ. ಹಟ, ಸಿಟ್ಟು, ಬಿದ್ದವರ ಮೇಲೂ ಕರುಣೆಯಿಲ್ಲದಿರುವುದು, ಎಲ್ಲವನ್ನೂ ಕಣ್ಣಾರೆ ಕಂಡವಳ ಹಾಗೆ ವಿವರಿಸಿದೆ. ಜೋರು ಚಪ್ಪಾಳೆ ಬಿತ್ತು. ಕೂಡಲೇ ಪೋಷಕರೊಬ್ಬರು ಎದ್ದು, ಪರೀಕ್ಷೆ ಮುಗಿಯುವವರೆಗೆ ಎಲ್ಲರ ಪೆಟ್ಟಿಗೆಗಳನ್ನೂ ಶಾಲೆಯ ಬೀರುವಿನಲ್ಲಿ ಇಟ್ಟು ಬೀಗ ಹಾಕಬೇಕೆಂದರು. ಭಾಷಣ ಮಾಡಿದ ತಪ್ಪಿಗೆ ಮೊದಲು ಕೈ ಎತ್ತಬೇಕಾದವಳು ನಾನೇ ಆದೆ.

“ಪರೀಕ್ಷೆ ಮಗೀಗೆ ತಾನೆ? ನನ್ನೂ ಕೂರುಸ್ತಾರಾ?” ಎಂದು ಅತ್ತೆ ಕೇಳಿದರು. ಪೆಟ್ಟಿಗೆ ಹೋದ ಮಾರನೆಯ ದಿನವೇ ಸಾರಿಗೆ ಹುಳಿ ಹೆಚ್ಚಾಯಿತು. ಈ ಸಲ ನಾನೂ ಸುಮ್ಮನಿರಲಿಲ್ಲ, ಗುದ್ದಿ ಅಭ್ಯಾಸವಾಗಿತ್ತು. ಪಂಕ್ತಿಯ ವಿಷಯ ಬಂತು, ಕಾಗದದ ವಿಷಯವೂ ಬಂತು. ರಶ್ಮಿ ಒಳಗಿನಿಂದ ಬಂದು, “ಅಜ್ಜಿ, ಅಮ್ಮ, ಸ್ವಲ್ಪ ಮೆಲ್ಲಗೆ ಜಗಳ ಆಡ್ತೀರಾ? ನಾಳೆ ನಂಗೆ ಟೆಸ್ಟಿದೆ” ಎಂದಳು. ಯಜಮಾನರು ಕೆಲಸವಿಲ್ಲದಿದ್ದರೂ ಮೈಸೂರಿಗೆ ಹೋಗಿಬರಲು ಶುರುಮಾಡಿದರು.

ಕೊನೆಗೆ ನಾನೇ ಹೆಡ್‌ಮಾಸ್ಟರ ಕೋಣೆಗೆ ಹೋಗಿ ಪೆಟ್ಟಿಗೆ ವಾಪಸು ಕೇಳಿದೆ. ಬೀರುವಿನ ಬೀಗ ತೆಗೆಯುತ್ತ ಅವರು, “ಮಗಳು ಹಟ ಮಾಡ್ತಿದ್ದಾಳಾ ಮೇಡಂ?” ಎಂದರು.

ನಾನು ತಲೆ ತಗ್ಗಿಸಿ, “ತುಂಬಾ ಸಾರ್” ಎಂದೆ.

“ನೋಡಿ, ಅವತ್ತು ನೀವು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ. ಎಂಥಾ ಸಾಧು ಹುಡುಗೀನ ಏನು ಮಾಡ್ಬಿಡ್ತು!” ಎಂದು ನಿಟ್ಟುಸಿರಿಟ್ಟರು.

ನಾನೂ ಒಂದು ನಿಟ್ಟುಸಿರಿಟ್ಟೆ. ಆಮೇಲೆ ಎರಡನೇ ರಿಮೋಟೂ ಇದೆಯೇ ಎಂದು ನೋಡಿಕೊಂಡು, ಪೆಟ್ಟಿಗೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬೇಗಬೇಗ ಮನೆಯ ಕಡೆ ಹೊರಟೆ.